ದೋಸ್ತಗೊಂದು ಪತ್ರ: ಡಿವಿಡೆಂಡ್ ಅಂದ್ರ ಪಗಾರ ಅಲ್ಲೋ

ಕೊಪ್ಪಳ, ಭಾನುವಾರ

ದೋಸ್ತ,

ನೀ ಬಳ್ಳಾರಿಯಿಂದ ಕಳಿಸಿದ ಷೇರಿನ ಪಟ್ಟಿ ನೋಡಿದೆ. ಎಲ್ಲಾ ಯೀಲ್ಡ್ ಹೆಚ್ಚಿದ್ದವನ್ನೇ ಆರಿಸಿ ಇಟ್ಟೀಯಲ್ಲ! ನಾಲ್ಕು ಮಂದಿ ಓದೋ ಹಂಗ ಬರಿಯಾಕತ್ತೀನಿ, ರಿಟೈರ್ ಆಗೋ ಹೊತ್ತಿಗೆ ನಮ್ಮ ಬ್ಯಾಚಿನ ಅರ್ಧ ಮಂದಿಗೆ ಇದೇ ಹುಚ್ಚು. ಎಡಗಾಲ ಚಪ್ಪಲಿ ವಿಷಯ ತಗಿಯಂಗಿಲ್ಲ, ಹೆದರಬ್ಯಾಡ.

ಡಿವಿಡೆಂಡ್ ಅಂದ್ರ ಕಂಪನಿ ತನ್ನ ಲಾಭದಾಗ ಷೇರುದಾರರಿಗೆ ಹಂಚೋ ರೊಕ್ಕ. ಹೋದ ವರ್ಷ ಕೊಟ್ಟ ಡಿವಿಡೆಂಡನ್ನ ಷೇರಿನ ಇವತ್ತಿನ ರೇಟಿನಿಂದ ಭಾಗಿಸಿದ್ರ ಯೀಲ್ಡ್. ರೇಟು ಬಿದ್ರೂ ಅದು ಏರತೈತಿ. ಹಿಂದೂಸ್ತಾನ್ ಝಿಂಕ್ 2022-23ರಾಗ ಷೇರಿಗೆ 75.50 ರೂಪಾಯಿ ಕೊಡ್ತು, ಮರುವರ್ಷ 13. ಮೊದಲಿನದನ್ನ ನಂಬಿ ಮನಿ ಖರ್ಚು ಬರೆದಿಟ್ಟವ ಏನು ತಿನ್ನಬೇಕು? ಹತ್ತು ವರ್ಷದ ಲೆಕ್ಕ ತಗಿ, ಕೊರೊನಾ ವರ್ಷನೂ ಸೇರಿಸಿ. ಲಾಭಕ್ಕಿಂತ ಹೆಚ್ಚು ಹಂಚಿದ್ದು, ಸಾಲ ಏರಿಸಿಕೊಂತ ಹಂಚಿದ್ದು, ಎರಡೂ ಬ್ಯಾಡ. ಒಂದು ಕಂಪನಿಗೆ ಶೇ 10, ಒಂದು ಉದ್ದಿಮೆಗೆ ಶೇ 25 ದಾಟಬ್ಯಾಡ.

ಕಬ್ಬಿಣದ ಅದಿರು ತಗಿಯೋ ಕೇಂದ್ರ ಸರಕಾರದ ಕಂಪನಿ ಎನ್‌ಎಂಡಿಸಿಗೆ ಕಾಲು ಪಾಲು ಬರದೀಯಲ್ಲ, ಅದು ಯಾಕೋ? ಕೇಂದ್ರ ಸರಕಾರದ ಕಂಪನಿಗಳು ಲಾಭದ ಶೇ 30 ಇಲ್ಲಾ ನಿವ್ವಳ ಮೌಲ್ಯದ ಶೇ 4, ಯಾವುದು ಹೆಚ್ಚೋ ಅಷ್ಟು ಕೊಡಬೇಕು ಅನ್ನೋ ನಿಯಮ ಐತಿ, ಖರೆ. ಆದ್ರ ಲಾಭನೇ ಕುಸಿದ್ರ? ಸಂಡೂರಿನ್ಯಾಗಿರೋ ಅದರ ದೋಣಿಮಲೈ ಗಣಿ 2018ರ ನವೆಂಬರಿನಿಂದ 2021ರ ಫೆಬ್ರವರಿ ತನಕ ನಿಂತಿತ್ತಲ್ಲ. ನಿನ್ನ ಮಗ ತೋರಣಗಲ್ಲಿನ್ಯಾಗ ಉಕ್ಕಿನ ನೌಕರಿ, ನೀ ಬಾಡಿಗಿ ಕೊಟ್ಟ ಮನಿಯಾಗ ಇರೋರೂ ಅಲ್ಲೇ ದುಡಿಯೋರು. ಅದಿರಿನ ರೇಟು ಬಿದ್ದ ದಿನ ಷೇರು, ಮಗನ ನೌಕರಿ, ಬಾಡಿಗಿ, ಮೂರೂ ಕಡಿ ಒಮ್ಮೆಲೇ ಹೊಡತ. ಹಟ್ಟಿ ಚಿನ್ನದ ಗಣಿ ಷೇರು ಕೇಳಿದ್ದಿ. ಅದು ರಾಜ್ಯ ಸರಕಾರದ್ದು, ಪೇಟೆಗೆ ಬಂದಿಲ್ಲ.

ಎಕ್ಸ್-ಡೇಟ್ ಅಂದ್ರ ಅವತ್ತಿನಿಂದ ಷೇರು ಕೊಂಡವರಿಗೆ ಆ ಸಲದ ಡಿವಿಡೆಂಡ್ ಸಿಗಂಗಿಲ್ಲ. ಅದರ ಹಿಂದಿನ ದಿನ ಕೊಂಡು ಮರುದಿನ ಮಾರೋ ಐಡಿಯಾ ಬಿಡು. ಡಿವಿಡೆಂಡಿನಷ್ಟು ರೇಟು ಸುಮಾರಾಗಿ ಅವತ್ತೇ ಇಳಿದಿರತೈತಿ, ಬಂದ ರೊಕ್ಕ ಮಾತ್ರ ತೆರಿಗಿಗೆ ನಿನ್ನ ಆದಾಯಕ್ಕ ಕೂಡತೈತಿ.

ಮೊದಲು ಪೋಸ್ಟಾಫೀಸಿಗೆ ಹೋಗು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಾಗ 30 ಲಕ್ಷದ ತನಕ ಇಡಬಹುದು. ಶೇ 8.2ರ ಲೆಕ್ಕಕ್ಕ ಮೂರು ತಿಂಗಳಿಗೊಮ್ಮೆ 61,500. ಉಳಿದ 10 ಲಕ್ಷ ಷೇರಿಗೆ. ಶೇ 3.5 ಸಿಕ್ರೂ ವರ್ಷಕ್ಕ 35,000, ತಿಂಗಳಿಗೆ ಮೂರು ಸಾವಿರನೂ ಮುಟ್ಟಂಗಿಲ್ಲ. ಅದೂ ಹೆಚ್ಚಿನದೆಲ್ಲ ಜುಲೈ-ಸೆಪ್ಟೆಂಬರಿನ್ಯಾಗ ಒಟ್ಟಿಗೇ ಬರತೈತಿ. ಬೇರೆ ಖಾತೆಗೆ ಹಾಕಿ ತಿಂಗಳಾ ತಗೊಳ್ಳೋದು ಸರಿ.

ಇನ್ನ ಒಂದು ಮಾತು. ಲೆಕ್ಕ ಬಲ್ಲವರು ಕೇಳ್ತಾರ, ಡಿವಿಡೆಂಡೇ ಯಾಕ, ಬೇಕಾದಷ್ಟು ಷೇರು ಮಾರಿಕೊಂಡ್ರ ಆಗಂಗಿಲ್ಲೇನು ಅಂತ. ಖರೇನ. ವರ್ಷ ದಾಟಿದ ಷೇರಿನ ಲಾಭಕ್ಕ 1.25 ಲಕ್ಷದ ತನಕ ತೆರಿಗಿ ಇಲ್ಲ, ಮ್ಯಾಲಿನದಕ್ಕ ಶೇ 12.5, ದೊಡ್ಡ ಸ್ಲ್ಯಾಬಿನವರಿಗೆ ಅದೇ ಅಗ್ಗ. ಗೊತ್ತಿದ್ರೂ ಮಾರಾಕ ನನಗ ಕೈ ಬರಂಗಿಲ್ಲ, ಹೊಲ ಮಾರಿ ಉಂಡಂಗ ಅನಸ್ತೈತಿ. ಪಗಾರ ನಿಂತ ಮ್ಯಾಲ ‘ಜಮಾ’ ಅಂತ ಮೆಸೇಜು ಬಾರದ ಮನುಷ್ಯಾ ಮನಿಯಾಗ ಎಷ್ಟು ಜೋರಾಗಿ ಮಾತಾಡಬಹುದು? ಮಗನ ಹತ್ರ ಪೆಟ್ರೋಲಿಗೆ ರೊಕ್ಕ ಕೇಳೋ ಅಂಜಿಕಿ ಇದು, ಮ್ಯಾಲ ಯೀಲ್ಡ್ ಅಂತ ಚೀಟಿ ಹಚ್ಚೇನಿ.

ಭಾಳ ಆತು, ಸೊಸಿನೂ ಇದನ್ನ ಓದ್ತಾಳ. ನೀ ಏಳು ವರ್ಷ ಒಂದೇ ಸಮ ಡಿವಿಡೆಂಡ್ ತಗೊಳ್ಳದಿದ್ರ ಷೇರು ಸಮೇತ ಐಇಪಿಎಫ್ ಅನ್ನೋ ಸರಕಾರದ ನಿಧಿಗೆ ಹೋಗತೈತಿ. ಬ್ಯಾಂಕ್ ಖಾತೆ ಬದಲಾದ್ರ ಷೇರು ಇಡೋ ಡಿಮ್ಯಾಟ್ ಖಾತೆಯಾಗೂ ತಿದ್ದಿಸು, ನಾಮಿನಿಗೆ ವೈನಿ ಹೆಸರು ಹಾಕ್ಸು. ಪಾಸ್‌ವರ್ಡಿಗೆ ಮಾತ್ರ ಆ ಹಾಸ್ಟೆಲ್ ಕಾಲದ ಹೆಸರು ಇಡಬ್ಯಾಡ, ವೈನಿಗೆ ಅದು ಗೊತ್ತೈತಿ.

ನಿನ್ನ,
ಬೆಂಚ್ ನಂಬರ್ ಮೂರು