ಭಾನುವಾರದ ತರಬೇತಿ: ಫ್ಯಾಕ್ಟರಿ ಲೈನ್ ಲೀಡರ್‌ಗಳು, ಮನೆ ಮಾಲೀಕರು ನೋಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 10ರಿಂದ 1ರವರೆಗೆ ನರಸಾಪುರದ ಸಮುದಾಯ ಭವನದಲ್ಲಿ, ಬೇರೆ ರಾಜ್ಯದವರ ಜೊತೆ ಕೆಲಸ ಮಾಡುವ, ಅವರಿಗೆ ಮನೆ ಬಾಡಿಗೆ ಕೊಟ್ಟಿರುವ ನಮಗೆಲ್ಲ ಅವರ ಭಾಷೆ, ಹಬ್ಬ-ಆಚರಣೆ ಅರ್ಥಮಾಡಿಕೊಳ್ಳೋಕೆ ಒಂದು ತರಬೇತಿ ಇದೆ. ಅವರೂ ಬರುತ್ತಾರೆ. ಅವರಿಲ್ಲದೆ ಅವರ ಬಗ್ಗೆ ನಾವೇ ಮಾತಾಡಿಕೊಂಡರೆ ಏನು ಬಂತು, ಅಲ್ವಾ?

ಯಾಕೆ ಬೇಕು ಅಂದರೆ, ಜೂನ್ ಮಧ್ಯದಲ್ಲಿ ನಮ್ಮ ಲೈನಿನ ಒಡಿಶಾ ಹುಡುಗಿ ಬಂದು "ರಜೊ, ರಜೊ" ಅಂದಳು. ನಾನು ರಜೆ ಅಂತ ತಿಳಿದು, "ಸುಮ್ನೆ ರಜೆ ಕೊಡೋಕಾಗಲ್ಲ, ಕಾರಣ ಹೇಳು" ಅಂದೆ. ಟೋಪಿ ಸರಿಮಾಡಿಕೊಂಡು, ಕಣ್ಣೊರೆಸಿಕೊಂಡು ಮತ್ತೆ ಸ್ಕ್ರೂ ಹಾಕಲು ಕೂತಳು. ರಜೊ ಅಂದರೆ ಅವರ ಹಬ್ಬ ಅಂತ ಸಂಜೆ ಗೊತ್ತಾಯಿತು. ಭೂಮಿತಾಯಿ ಮುಟ್ಟಾಗಿದ್ದಾಳೆ ಅಂತ ಆ ಮೂರು ದಿನ ಉಳುವುದಿಲ್ಲ, ಹೆಣ್ಣುಮಕ್ಕಳು ಹೊಸ ಬಟ್ಟೆ ಹಾಕಿ ಉಯ್ಯಾಲೆ ಆಡುತ್ತಾರೆ. ನನಗೆ ಇವತ್ತಿಗೂ ಬೇಜಾರಿದೆ.

ಇನ್ನೊಂದು, ಎಲ್ಲರನ್ನೂ "ಹಿಂದಿಯವರು" ಅನ್ನೋದು ಬಿಡೋಣ. ಒಡಿಯಾ, ಅಸ್ಸಾಮಿ, ಬಂಗಾಳಿ, ಭೋಜಪುರಿ, ಸಂತಾಲಿ, ಒಬ್ಬೊಬ್ಬರ ಮನೆಮಾತು ಒಂದೊಂದು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಕೇಳಿ ಬೆಳೆದ ಕೋಲಾರದವರಿಗೆ ಇದು ಕಷ್ಟ ಆಗಬಾರದು.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ಹಾಕಿ, ಊಟ ವೆಜ್ಜಾ ನಾನ್‌ವೆಜ್ಜಾ ಅಂತಲೂ ಬರೆಯಿರಿ. ಮನೆ ಮಾಲೀಕರು ನಿಮ್ಮ ಬಾಡಿಗೆದಾರರಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಬನ್ನಿ, ದಯವಿಟ್ಟು. ನೈಟ್ ಶಿಫ್ಟ್ ಮುಗಿಸಿ ಬರೋದು ಕಷ್ಟ ಅನ್ನೋರು ಈಗಲೇ ಹೇಳಿ, ಅವರಿಗೆ ಇನ್ನೊಂದು ದಿನ ನೋಡುತ್ತೇನೆ.