ಇಪ್ಪತ್ತೊಂದನೇ ದಿನದ ಫೋಟೊ

ನಿಟುವಳ್ಳಿ, ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ದೊಡ್ಡಪ್ಪನ ಮಂಡಿನೋವು ಇದ್ದ ಹಾಗೇ ಇದೆ. ಮೊನ್ನೆ ಚಿತ್ರದುರ್ಗದಿಂದ ಫೋನ್ ಮಾಡಿದಾಗ ಪ್ರಾಜೆಕ್ಟಿನ ಸುದ್ದಿ ಹೇಳಿದೆಯಲ್ಲ, ಸುಟ್ಟ ಗಾಯದ ಫೋಟೊ ಕೊಟ್ಟರೆ ಎಷ್ಟು ಆಳ ಸುಟ್ಟಿದೆ ಅಂತ ಕಂಪ್ಯೂಟರ್ ಹೇಳುತ್ತದೆ, ನೂರಕ್ಕೆ ತೊಂಬತ್ತರ ಮೇಲೆ ಸರಿ ಬರುತ್ತಿದೆ ಅಂತ. ಕೇಳಿ ಹಿಗ್ಗಿದೆ. ರಾತ್ರಿ ಮಲಗಿದ ಮೇಲೆ ಒಂದು ಪ್ರಶ್ನೆ ಹತ್ತಿಕೊಂಡಿತು: ಅದು ಸರಿ ಅಂತ ಹೇಳಿದವರು ಯಾರು? ಫೋನಿನಲ್ಲಿ ಕೇಳಿದರೆ ‘ಹ್ಞೂಂ ದೊಡ್ಡಮ್ಮ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನನ್ನ ಸರ್ವಿಸಿನ ಹೆಚ್ಚುಪಾಲು ಬರ್ನ್ಸ್ ವಾರ್ಡಿನ ಡ್ರೆಸ್ಸಿಂಗಿನಲ್ಲೇ ಕಳೆಯಿತು. ಒಮ್ಮೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಬಂದಿದ್ದರು. ಕಾದ ಮರಳು ಮುಂಗೈ ಮೇಲೆ ಬಿದ್ದಿತ್ತು. ಗುಳ್ಳೆ ಒಡೆದ ಜಾಗ ಕೆಂಪಗೆ ಒದ್ದೆಯಾಗಿತ್ತು, ಮುಟ್ಟಿದರೆ ಚೀರುತ್ತಿದ್ದರು. ಉರಿ ಇದೆ ಅಂದರೆ ನರ ಸತ್ತಿಲ್ಲ, ಮೇಲಿನ ಗಾಯ ಅಂತ ನಮ್ಮ ಲೆಕ್ಕ. ‘ಎರಡು ವಾರಕ್ಕೆ ಮಾಯುತ್ತೆ ಬಿಡಮ್ಮ’ ಅಂದೆ. ನಾಲ್ಕನೇ ದಿನ ಗಾಜ್ ಪಟ್ಟಿ ಬಿಚ್ಚಿದರೆ ನಡುವೆ ಒಂದು ರೂಪಾಯಿಯ ಮೂರು ನಾಣ್ಯದಷ್ಟಗಲ ಬೆಳ್ಳಗಾಗಿದೆ. ಬೆರಳಿಂದ ಒತ್ತಿ ಬಿಟ್ಟೆ. ರಕ್ತ ಓಡಾಡುವ ಕಡೆ ಒತ್ತಿದಾಗ ಬಿಳುಚಿ, ಬಿಟ್ಟ ಕೂಡಲೇ ಕೆಂಪೇರಬೇಕು. ಅಲ್ಲಿ ಬಣ್ಣ ಕದಲಲೇ ಇಲ್ಲ. ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು. ‘ಎರಡು ವಾರ ಅಂದಿದ್ದಿರಲ್ಲ ಸಿಸ್ಟರ್’ ಅಂತ ಆಕೆ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ನೋಡವ್ವ, ಸುಟ್ಟ ಗಾಯ ಮೊದಲ ದಿನ ತನ್ನ ನಿಜ ಹೇಳುವುದಿಲ್ಲ. ಸತ್ತ ಚರ್ಮದ ಸುತ್ತ ಅರೆಜೀವದ ಪದರವೊಂದು ಇರುತ್ತದೆ. ಎರಡು ಮೂರು ದಿನದಲ್ಲಿ ಅದು ಬದುಕಲೂಬಹುದು, ಸಾಯಲೂಬಹುದು. ಕೈ ಪಳಗಿದ ಸರ್ಜನ್‌ಗಳು ಬರೀ ಕಣ್ಣಿನಿಂದ ಆಳ ಹೇಳಿದರೂ ನೂರಕ್ಕೆ 60ರಿಂದ 75 ಸಲವಷ್ಟೇ ಸರಿ ಹೋಗುತ್ತದೆ ಅಂತ ಅವರದೇ ಪುಸ್ತಕಗಳಲ್ಲಿದೆ. ನೀನು ಕಂಪ್ಯೂಟರಿಗೆ ಕಲಿಸಿದ್ದು ಮೊದಲ ದಿನದ ಕೇಸ್ ಶೀಟಿನ ಉತ್ತರವಾಗಿದ್ದರೆ, ಅದು ನಮ್ಮ ತಪ್ಪನ್ನೂ ಶ್ರದ್ಧೆಯಿಂದ ಕಲಿತಿದೆ.

ಉತ್ತರ ಸಿಗುವುದು 21ನೇ ದಿನದ ಹೊತ್ತಿಗೆ. ಮೂರು ವಾರದೊಳಗೆ ತಾನಾಗಿ ಮಾಯ್ದರೆ ಮೇಲಿನದು, ಮಾಯದಿದ್ದರೆ ಆಳದ್ದು. ದಪ್ಪ ಕಲೆ ಬಿದ್ದು ಚರ್ಮ ಸೆಳೆದುಕೊಳ್ಳುವುದು ಹೆಚ್ಚಾಗಿ ಅಂಥ ಕಡೆಯೇ. ಕಸಿ ಆದವರಿಗೆ ಈ ಲೆಕ್ಕ ಹಿಡಿಯುವುದಿಲ್ಲ. ಅವರ ಗಾಯದ ಸತ್ತ ಚರ್ಮ ಕೆರೆದು ತೆಗೆದಾಗ ಎಷ್ಟು ಆಳಕ್ಕೆ ಹೋದ ಮೇಲೆ ರಕ್ತ ಜಿನುಗಿತು ಅಂತ ಆಪರೇಷನ್ ಟಿಪ್ಪಣಿ ನೋಡಬೇಕು. ಆದ್ದರಿಂದ ಒಂದೇ ಗಾಯವನ್ನು ಮೊದಲ ದಿನ, ಮೂರನೇ ದಿನ, 21ನೇ ದಿನ ಫೋಟೊ ಹಿಡಿ. ಸುಟ್ಟು ಎಷ್ಟು ಗಂಟೆಯಾಗಿತ್ತು ಅಂತ ಪ್ರತಿ ಫೋಟೊದ ಜೊತೆ ಬರೆ. ಇನ್ನೊಂದು, ಒಬ್ಬರದೇ ಕೈಯ ಐದು ಫೋಟೊದಲ್ಲಿ ಮೂರು ಕಲಿಸುವುದಕ್ಕೆ, ಎರಡು ಪರೀಕ್ಷೆಗೆ ಅಂತ ಹಂಚಿದ್ದೀಯಾ? ಹಾಗಿದ್ದರೆ ಆ ತೊಂಬತ್ತು ಕಾಪಿ ಹೊಡೆದ ಮಾರ್ಕ್ಸು.

ಫೋಟೊಗೆ ರಕ್ತದ ಓಟ ಕಾಣುವುದಿಲ್ಲ. ಅದಕ್ಕೇ ಅಂತಲೇ ಲೇಸರ್ ಡಾಪ್ಲರ್ ಯಂತ್ರ ಬಂದದ್ದು. ಚಲಿಸುವ ರಕ್ತಕಣಕ್ಕೆ ತಾಗಿ ವಾಪಸಾದ ಬೆಳಕಿನ ಬದಲಾವಣೆ ಹಿಡಿದು, ಓಟ ಚೆನ್ನಾಗಿರುವ ಕಡೆ ಕೆಂಪು, ಇಲ್ಲದ ಕಡೆ ನೀಲಿ ತೋರಿಸುತ್ತದೆ. ಯಾವ ಚಿಕಿತ್ಸೆ, ಯಾವ ಯಂತ್ರ ಬಳಸಬಹುದು ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ಅದನ್ನು ಶಿಫಾರಸು ಮಾಡಿದೆ. ಅದಕ್ಕೂ 48 ಗಂಟೆ ಕಾಯಬೇಕು, ಪುಟ್ಟಿ.

ಬಿಳಿ ಚರ್ಮದಲ್ಲಿ ಕಂಡಷ್ಟು ಸುಲಭಕ್ಕೆ ನಮ್ಮ ಮೈಬಣ್ಣದಲ್ಲಿ ಗಾಯದ ಕೆಂಪು ಕಾಣುವುದಿಲ್ಲ. ಹೊರದೇಶದ ಫೋಟೊಗಳನ್ನೇ ತುಂಬಿದ್ದರೆ ನಿನ್ನ ಯಂತ್ರ ಇಲ್ಲಿ ತಡವರಿಸುತ್ತದೆ. ಜನ ಟೂತ್‌ಪೇಸ್ಟ್, ಅರಿಶಿನ, ಶಾಯಿ ಏನೇನೋ ಮೆತ್ತಿಕೊಂಡು ಬರುತ್ತಾರೆ, ನಾವು ಹಚ್ಚುವ ಬಿಳಿ ಮುಲಾಮೂ ಗಾಯದ ಮೇಲೆ ಹಳದಿ ಪದರ ಕಟ್ಟುತ್ತದೆ. ತೊಳೆದ ಮೇಲೆಯೇ ಫೋಟೊ.

ನನ್ನನ್ನು ಕೇಳಿದರೆ ಆಳಕ್ಕಿಂತ ಮೊದಲು ಅಗಲ ಹಿಡಿ. ಇಡೀ ಮೈಯನ್ನು ನೂರು ಭಾಗ ಅಂದುಕೊಂಡರೆ ರೋಗಿಯ ಅಂಗೈ ಬೆರಳು ಸೇರಿ ಸುಮಾರು 1 ಭಾಗ, ಒಂದು ತೋಳು 9, ಒಂದು ಕಾಲು 18. ಮಕ್ಕಳಿಗೆ ತಲೆ ದೊಡ್ಡದು, ಲೆಕ್ಕವೇ ಬೇರೆ. ಡ್ರಿಪ್ ಎಷ್ಟು ಕೊಡಬೇಕು ಅನ್ನುವುದು ಇದರ ಮೇಲೆಯೇ: ರೋಗಿಯ ತೂಕದ ಪ್ರತಿ ಕೆಜಿಗೆ, ಸುಟ್ಟ ಪ್ರತಿ ಭಾಗಕ್ಕೆ 4 ಮಿಲಿ, ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲಿ. ಗಂಟೆ ಎಣಿಸುವುದು ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. 60 ಕೆಜಿಯ ಮನುಷ್ಯರಿಗೆ 20 ಭಾಗ ಸುಟ್ಟದ್ದನ್ನು 30 ಅಂದುಕೊಂಡರೆ 4800 ಮಿಲಿ ಹೋಗಿ 7200 ಆಗುತ್ತದೆ. ಜಗಳೂರಿನಲ್ಲೋ ಮೊಳಕಾಲ್ಮೂರಿನಲ್ಲೋ ರಾತ್ರಿ ಒಬ್ಬರೇ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಈ ಲೆಕ್ಕವನ್ನು ಕೈಯಲ್ಲಿರುವ ಫೋನೇ ಮಾಡಿಕೊಟ್ಟರೆ ಕೈ ಮುಗಿದಾರು.

ಫೋಟೊ ತೆಗೆಯುವ ಮುಂಚೆ ಒಪ್ಪಿಗೆಯನ್ನು ರೋಗಿಯನ್ನೇ ಕೇಳು, ಜೊತೆಗೆ ಬಂದ ಗಂಡನನ್ನೋ ಅತ್ತೆಯನ್ನೋ ಅಲ್ಲ. ಮುಖ, ತಾಳಿ, ಹಚ್ಚೆ ಬೀಳದಂತೆ ಹಿಡಿ.

ಭಾನುವಾರ ಬೆಳಗಿನ ಬಸ್ಸಿಗೆ ಬಾ, ಲ್ಯಾಪ್‌ಟಾಪ್ ತಾ. ಉತ್ತರ ಮುಚ್ಚಿಟ್ಟು ಹತ್ತು ಗಾಯ ತೋರಿಸು. ನಾನೂ ಹೇಳುತ್ತೇನೆ, ಅದೂ ಹೇಳಲಿ. ಸೋತವರು ಬೆಣ್ಣೆ ದೋಸೆ ಕೊಡಿಸುವುದು.

ಇಂತಿ,
ನಿನ್ನ ದೊಡ್ಡಮ್ಮ