ಅಷ್ಟಬಂಧದ ಜಾಗಕ್ಕೆ ಸಿಮೆಂಟ್ ಬೇಡ

ಮಾನ್ಯರೇ,

ದೇವಸ್ಥಾನಗಳ ಜೀರ್ಣೋದ್ಧಾರದ ಗಡಿಬಿಡಿಯಲ್ಲಿ ಮೂರ್ತಿಗೂ ಪೀಠಕ್ಕೂ ನಡುವೆ ಸಿಮೆಂಟ್ ತುಂಬುವುದು ದಯವಿಟ್ಟು ನಿಲ್ಲಲಿ. ಅರಗು, ರಾಳ, ಜೇನುಮೇಣ, ಕಾವಿ, ಬೆಣ್ಣೆ ಮುಂತಾದವನ್ನು (ಎಂಟರ ಪಟ್ಟಿ ಸಂಪ್ರದಾಯಕ್ಕೆ ತಕ್ಕಂತೆ ಬೇರೆ) ಬಿಸಿಯಿರುವಾಗಲೇ ಕುಟ್ಟಿ ಕುಟ್ಟಿ ಹದಮಾಡಿದ ಅಷ್ಟಬಂಧ, ಅಂದರೆ ಮೂರ್ತಿಯನ್ನು ಪೀಠಕ್ಕೆ ಕೂರಿಸುವ ಅಂಟು, ಬೆರಳಿಟ್ಟರೆ ಮೇಣದಂತೆ ಬಗ್ಗಬೇಕು. ಕುಟ್ಟಿದ್ದು ಸಾಲದಿದ್ದರೆ ಗಂಟು ಉಳಿದು ಅಲ್ಲೇ ಬಿರುಕು. ಪೀಠದ ಕುಳಿ ಒದ್ದೆಯಿದ್ದರೆ ಅಂಟುವುದೇ ಇಲ್ಲ. ಆಮೇಲೆ ಅಭಿಷೇಕದ ಹಾಲು ಬುಡಕ್ಕಿಳಿದು ನಾರುತ್ತದೆ, ಮೂರ್ತಿ ಅಲುಗುತ್ತದೆ. 12 ವರ್ಷಕ್ಕೊಮ್ಮೆ ಹಳೆಯದನ್ನು ಬಿಡಿಸಿ ಹೊಸದು ಹಾಕುವ ರೂಢಿ ಇದಕ್ಕೇ. ಸಿಮೆಂಟನ್ನಾದರೆ ಉಳಿಯಿಂದ ಒಡೆಯಬೇಕು. ಏಟು ಬೀಳುವುದು ದೇವರ ಪಾದಕ್ಕೆ.

ಪ್ರತಿಷ್ಠೆಗೆ ಮುನ್ನ ಮೂರ್ತಿಯನ್ನು ನೀರಿನಲ್ಲಿ ಮುಳುಗಿಸಿಡುವ ಜಲಾಧಿವಾಸವನ್ನೂ ಶಾಸ್ತ್ರಕ್ಕೆಂದು ತಾಸಿನಲ್ಲಿ ಮುಗಿಸಬೇಡಿ. ನೀರಿನಿಂದೆತ್ತಿದ ಕಲ್ಲು ಒಣಗುವಾಗ ಕೂದಲೆಳೆಯ ಬಿರುಕೂ ಕಪ್ಪು ಗೆರೆಯಾಗಿ ಕೊನೆಗೆ ಉಳಿಯುತ್ತದೆ. ಮೂರ್ತಿಯ ಕಣ್ಣು ತೆರೆಸುವ ನೇತ್ರೋನ್ಮೀಲನಕ್ಕೆ ಮುನ್ನವೇ ಕಂಡರೆ ಮೂರ್ತಿ ಬದಲಿಸಲು ಅವಕಾಶವಿದೆ.

– ಒಬ್ಬ ಶಿಲ್ಪಿ